ನಲವತ್ತೊಂದನೇ ಮೊಳೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಇಪ್ಪತ್ತನಾಲ್ಕು, ವಿದ್ಯಾಭ್ಯಾಸ ಸಾಹಿತ್ಯದಲ್ಲಿ ಎಂ.ಎ., ಉದ್ಯೋಗ ಹಳೇ ಸುಣ್ಣಕಲ್ಲು ಗಣಿಯ ಸರ್ಕಾರಿ ನಿಸರ್ಗಧಾಮದಲ್ಲಿ ಪ್ರವಾಸಿ ಮಾರ್ಗದರ್ಶಿ, ವಾಸ ಧಾಮದ ಗೇಟಿನ ಎದುರಿನ ಸಾಲುಮನೆಗಳಲ್ಲಿ ಮೂರನೆಯ ಮನೆಯ ಮುಂದಿನ ಕೋಣೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಈ ಮೂಲಕ ಅಧಿಕಾರಿಗಳ ಗಮನಕ್ಕೆ ತರುವುದು ಇಷ್ಟು.

ನಾನು ಕೆಲಸಕ್ಕೆ ಸೇರಿ ಒಂದು ವರ್ಷ ದಾಟಿದೆ. ನಾನು ಬಾಡಿಗೆಗಿರುವ ಕೋಣೆ ಧಾಮದ ಗೇಟು ಕಾಯುವವರ ಮನೆಯದು. ಅವರಿಗೆ ಐವತ್ತೊಂಬತ್ತು ವರ್ಷ. ಸಾಲುಮನೆಗಳ ಮಕ್ಕಳಿಂದ ಹಿಡಿದು ನಮ್ಮ ಅಧಿಕಾರಿಯವರೆಗೆ ಎಲ್ಲರೂ ಅವರನ್ನು ಗೇಟ್ ಮಾಮ ಎನ್ನುತ್ತಾರೆ. ಅವರ ಹೆಂಡತಿ ಗೇಟಿನ ಒಳಗೆ ಚಹಾದಂಗಡಿ ನಡೆಸುತ್ತಾರೆ. ಅವರನ್ನು ನಾನು ಅತ್ತೆ ಎಂದು ಕರೆಯುತ್ತೇನೆ. ನನ್ನ ರಾತ್ರಿಯ ಊಟ ಅವರ ಮನೆಯಲ್ಲೇ. ಆದ್ದರಿಂದ ನನ್ನ ಮಾತನ್ನು ಮನೆಯವರ ಮಾತೆಂದು ಎಣಿಸುವುದಾದರೆ ಎಣಿಸಬಹುದು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಮೊನ್ನೆ ಮಂಗಳವಾರ ಗೇಟ್ ಮಾಮ ಇದೇ ಠಾಣೆಯಲ್ಲಿ, ಭಾನುವಾರ ಸಂಜೆ ತಾನು ಬಿಲ್ಲೆ ಹಲಗೆಯನ್ನು ನೋಡದೆ, ಒಳಗೊಬ್ಬರು ಉಳಿದಿರುವಾಗಲೇ ಗೇಟು ಮುಚ್ಚಿದ್ದಾಗಿ, ತಪ್ಪೆಲ್ಲ ತನ್ನದೇ ಎಂದು ಹೇಳಿಕೆ ಕೊಟ್ಟಿದ್ದಾರೆ. ಆ ಹೇಳಿಕೆಯಿಂದಾಗಿ ಅವರನ್ನು ಅಮಾನತು ಮಾಡಲಾಗಿದೆ. ನಿರ್ಲಕ್ಷ್ಯದ ಮೊಕದ್ದಮೆಯೂ ಆಗುತ್ತದೆ ಎಂದು ನಮ್ಮ ಅಧಿಕಾರಿ ಅತ್ತೆಗೆ ತಿಳಿಸಿದ್ದಾರೆ. ಹಲಗೆ ನೋಡಲಿಲ್ಲ ಎಂಬ ಮಾತು ನಿಜವಲ್ಲ. ಅವರು ನೋಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಹಲಗೆ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಈಗ ಜನ ದೋಣಿ ನಡೆಸುವ ನೀಲಿ ಕೊಳ ಹಿಂದೆ ಗಣಿಯ ಗುಂಡಿ. ಕಂಪನಿಯೊಂದು ಅಲ್ಲಿ ಅರವತ್ತು ವರ್ಷ ಸುಣ್ಣಕಲ್ಲು ತೆಗೆಯಿತು. ಗಣಿಗೆ ಇಳಿಯುವ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ನಂಬರಿನ ಹಿತ್ತಾಳೆ ಬಿಲ್ಲೆ ಇತ್ತು. ಗಣಿಯ ಬಾಯಲ್ಲಿ ಒಂದು ಹಲಗೆ, ಅದರಲ್ಲಿ ಸಾಲಿಗೆ ಇಪ್ಪತ್ತರಂತೆ ಐದು ಸಾಲು ಮೊಳೆ. ಇಳಿಯುವಾಗ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಮೇಲೆ ಬಂದ ಮೇಲೆ ಮರಳಿ ನೇತುಹಾಕಬೇಕು. ಬಂಡೆ ಸಿಡಿಸುವ ಮೇಸ್ತ್ರಿ ಹಲಗೆಯ ಮುಂದೆ ನಿಂತು ನೋಡುತ್ತಿದ್ದ. ಒಂದು ಮೊಳೆ ಖಾಲಿಯಿದ್ದರೂ ಮದ್ದಿಗೆ ಬೆಂಕಿ ಇಲ್ಲ.

ಗಣಿ ಮುಚ್ಚಿ ಮೂವತ್ತನಾಲ್ಕು ವರ್ಷವಾಯಿತು. ಬೇಲಿ ಹಾಕಿಬಿಟ್ಟ ಜಾಗದಲ್ಲಿ ಹನ್ನೆರಡು ವರ್ಷ ಯಾರೂ ಕಾಲಿಡಲಿಲ್ಲ. ಹಕ್ಕಿಗಳು ತಂದು ಹಾಕಿದ ಬೀಜಗಳಿಂದ ಮರಗಳು ಬಂದವು. ಅನಂತರ ಸರ್ಕಾರ ಅದನ್ನು ನಿಸರ್ಗಧಾಮವೆಂದು ಘೋಷಿಸಿತು. ಮೂರು ಕಾಲುದಾರಿಗಳಾದವು, ಕೊಳಕ್ಕೆ ದೋಣಿ ಬಂತು, ಪೂರ್ವದ ಗೋಡೆಯನ್ನು ಬಂಡೆ ಹತ್ತುವವರಿಗೆ ಬಿಟ್ಟರು. ಗೇಟಿನ ಕೆಲಸ ಹಳೆಯ ಗಣಿ ಕಾರ್ಮಿಕರಾಗಿದ್ದ ಮಾಮನಿಗೆ ಸಿಕ್ಕಿತು. ಪ್ರವಾಸಿಗಳೂ ಒಳಗೆ ದಾರಿ ತಪ್ಪಬಾರದೆಂದು ಅದೇ ಹಲಗೆಯನ್ನು ತಂದು ಗೇಟಿನ ಕೋಣೆಯಲ್ಲಿ ಹಾಕಿದರು. ಒಳಗೆ ಹೋಗುವವರಿಗೆ ತಲೆಗೊಂದು ಬಿಲ್ಲೆ. ಬಿಲ್ಲೆ ಮುಗಿದರೆ, ಒಳಗಿದ್ದ ಒಬ್ಬರು ಹೊರಬರುವ ತನಕ ಹೊರಗಿದ್ದವರು ಕಾಯಬೇಕು.

ಮೂರನೆಯ ಸಾಲಿನ ಮೊದಲನೆಯ ಮೊಳೆ, ನಲವತ್ತೊಂದನೆಯದು, ಯಾವಾಗಲೂ ಖಾಲಿ ಇರುತ್ತದೆ. ಆ ನಂಬರು ಗೇಟ್ ಮಾಮನ ಅಣ್ಣನದು. ಗಣಿ ಮುಚ್ಚುವ ಹಿಂದಿನ ವರ್ಷ ಅವರು ಮೇಲೆ ಬಂದು, ಬಿಲ್ಲೆ ನೇತುಹಾಕಿ, ಆಮೇಲೆ ಬಿಲ್ಲೆ ಇಲ್ಲದೆ ಮತ್ತೆ ಇಳಿದಿದ್ದರಂತೆ. ಮೇಸ್ತ್ರಿ ಹಲಗೆ ನೋಡಿದ. ನೂರೂ ಇದ್ದವು. ಮದ್ದು ಸಿಡಿಯಿತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಆ ಬಿಲ್ಲೆಯನ್ನು ಅವರ ದೇಹದ ಜೊತೆಯಲ್ಲೇ ಕಳಿಸಿಕೊಟ್ಟರು. ಅಂದಿನಿಂದ ಆ ಮೊಳೆಗೆ ಯಾರೂ ಏನನ್ನೂ ಹಾಕುವುದಿಲ್ಲ.

ಇದನ್ನು ನನಗೆ ಹೇಳಿದ್ದು ನಮ್ಮ ದೋಣಿಯಣ್ಣ. ಕೆಲಸಕ್ಕೆ ಸೇರಿದ ವಾರ ನಾನು ಆ ಮೊಳೆಗೆ ನನ್ನ ಛತ್ರಿ ಸಿಕ್ಕಿಸಲು ಹೋಗಿದ್ದೆ. ಆತ ದೂರದಿಂದಲೇ, “ಅಲ್ಲಿ ಬೇಡ ತಂಗಿ. ಅದು ಖಾಲಿ ಇಲ್ಲ,” ಅಂದ. ಹಾಗೆ ಯಾರಾದರೂ ಕೈ ಹಾಕಿದಾಗ ಮಾತ್ರ ಹೇಳುವ ವಿಷಯ ಅದು. ಪ್ರವಾಸಿಗಳಿಗೆ ಗಣಿಯ ಚರಿತ್ರೆ ಹೇಳುವಾಗ ಹಲಗೆಯ ಕಥೆ ಹೇಳುತ್ತೇನೆ. ಆ ಮೊಳೆಯ ಕಥೆ ಬೇಡವೆಂದು ಮಾಮ ಕೇಳಿಕೊಂಡಿದ್ದರಿಂದ ಅದನ್ನು ಎಂದೂ ಹೇಳಿಲ್ಲ.

ಹಳೆಯ ಹಿತ್ತಾಳೆ ಬಿಲ್ಲೆಗಳನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗುವವರು ಹೆಚ್ಚಾದರು. ಹೀಗಾಗಿ ಕಳೆದ ತಿಂಗಳು ಮುಖ್ಯ ಕಚೇರಿಯಿಂದ ನೂರು ಹೊಸ ಉಕ್ಕಿನ ಬಿಲ್ಲೆಗಳು ಬಂದವು. ಅವುಗಳಲ್ಲಿ ನಲವತ್ತೊಂದೂ ಇತ್ತು. ಮಾಮ ಅದನ್ನು ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಮೇಲಿನವರು ಬಂದು ಎಣಿಸಿದರೆ ನೂರಿರಬೇಕಲ್ಲ, ಎಸೆಯುವ ಹಾಗಿಲ್ಲ ಎಂದು ತಮ್ಮ ಕರವಸ್ತ್ರದಲ್ಲಿ ಸುತ್ತಿ ಟಿಕೆಟ್ ಮೇಜಿನ ಡ್ರಾಯರಿನ ಹಿಂಭಾಗಕ್ಕೆ ತಳ್ಳಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಟಿಕೆಟ್ ಕೊಡುವ ಅಕ್ಕ ತಾತ್ಕಾಲಿಕ ಕೆಲಸಕ್ಕೆ ಬಂದದ್ದು ಇದಾದ ಮೇಲೆ. ಭಾನುವಾರಕ್ಕೆ ಅವರು ಬಂದು ಎರಡು ವಾರವೂ ಆಗಿರಲಿಲ್ಲ. ಅವರಿಗೆ ಮೊಳೆಯ ವಿಷಯವನ್ನಾಗಲಿ ಡ್ರಾಯರಿನ ವಿಷಯವನ್ನಾಗಲಿ ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಅವರು ಆ ಮೊಳೆಗೆ ಕೈ ಹಾಕಿರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆಯಿಂದಲೇ ಜನ ಜಾಸ್ತಿ. ಒಂದು ಶಾಲೆಯ ಎರಡು ಬಸ್ಸು ಮಕ್ಕಳು, ಬಂಡೆ ಹತ್ತುವ ಸಂಘದವರು, ದೋಣಿಗೆ ಕಾಯುತ್ತಿದ್ದ ಸಂಸಾರಗಳು. ಹನ್ನೊಂದು ಗಂಟೆಗೆಲ್ಲ ಹಲಗೆ ಬರಿದಾಯಿತು. ಅದೇ ಹೊತ್ತಿಗೆ ಶಾಲೆಯ ಬಸ್ಸೊಂದು ತಿರುಗುವಾಗ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಮಾಮ ತಳ್ಳಲು ಹೋದರು. ದೋಣಿಯಣ್ಣ ಚರಂಡಿಯ ಅಂಚಿನಲ್ಲೇ ಕೂತು, ಇಲಾಖೆಯವರು ಟ್ರ್ಯಾಕ್ಟರ್ ಕೊಡಿಸೋದೇ ಬೇಡ, ಮಾಮನಿಗೆ ಎರಡು ದೀಪ ಕಟ್ಟಿದರೆ ಸಾಕು ಎಂದು ಗೇಲಿ ಮಾಡಿದ. ಮಾಮ, ದೋಣಿ ಕೊಳದಲ್ಲಿ ತೇಲುವುದು ದೋಣಿಯಣ್ಣನ ತಲೆಯಂತೆ ಒಳಗೇನೂ ಇಲ್ಲದ್ದಕ್ಕೆ ಎಂದು ಉತ್ತರ ಕೊಟ್ಟರು. ಬಸ್ಸು ಮೇಲೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಈ ಮುಕ್ಕಾಲು ಗಂಟೆ ಮಾಮ ಗೇಟಿನ ಕೋಣೆಯಲ್ಲಿ ಇರಲಿಲ್ಲ.

ಆಗಲೇ ಆ ಹಿರಿಯರು ಬಂದದ್ದು. ಈಗ ಆಸ್ಪತ್ರೆಯಲ್ಲಿ ಇರುವವರು ಅವರೇ. ಎಪ್ಪತ್ತು ದಾಟಿದವರು, ಮೊದಲು ಕನ್ನಡಕದಂಗಡಿ ಇಟ್ಟಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿ ಚಿಟ್ಟೆಗಳ ಫೋಟೋ ತೆಗೆಯುತ್ತಾ ಓಡಾಡುವವರು. ನಮ್ಮ ಧಾಮಕ್ಕೆ ಅವರು ಬಂದದ್ದು ಅದೇ ಮೊದಲು. ನಾನು ಟಿಕೆಟ್ ಕಿಟಕಿಯ ಹತ್ತಿರ, ಆಗಲೇ ಬಿಲ್ಲೆ ಪಡೆದಿದ್ದ ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಜುಗರದಿಂದ ಆಚೆ ತಿರುಗಿದೆ. ಅವರು ಹತ್ತಿರ ಬಂದು ನನ್ನ ಕನ್ನಡಕ ಕೊಡಲು ಕೇಳಿದರು. ಏಕೆಂದು ಕೇಳಲು ಬಾಯಿ ಬರದೆ ತೆಗೆದುಕೊಟ್ಟೆ. ಅದರ ಕಡ್ಡಿಯನ್ನು ಎರಡು ಬೆರಳಲ್ಲಿ ಬಗ್ಗಿಸಿ, ಬೆಳಕಿಗೆ ಹಿಡಿದು, ಮರಳಿ ನನ್ನ ಕೈಗಿಟ್ಟರು. ಇಷ್ಟು ದಿನ ಪ್ರಪಂಚ ಒಂದು ಕಡೆ ವಾಲಿದ ಹಾಗೆ ಕಾಣುತ್ತಿರಲಿಲ್ಲವೇ ಎಂದು ಕೇಳಿದರು. ಮಕ್ಕಳು ನಕ್ಕರು. ನಾನೂ ನಕ್ಕೆ.

ಬಿಲ್ಲೆ ಮುಗಿದಿದೆ, ಕಾಯಬೇಕು ಎಂದು ಟಿಕೆಟ್ ಅಕ್ಕ ಅವರಿಗೆ ಹೇಳಿದ್ದು ನನಗೆ ಕೇಳಿಸಿತು. ಕಾಯುತ್ತೇನೆ, ತನಗೆ ಈಗ ಇರುವ ಕೆಲಸವೇ ಅದು ಎಂದು ಅವರು ಹೇಳಿ ಬಿಸಿಲಿನಲ್ಲೇ ನಿಂತರು. ಅಲ್ಲಿ ನೆರಳಿಲ್ಲ. ನಾನು ಮಕ್ಕಳನ್ನು ಕರೆದುಕೊಂಡು ಹೊರಟೆ.

ಮುಂದಿನದನ್ನು ಅಕ್ಕ ನನಗೆ ಸೋಮವಾರ ಹೇಳಿದ್ದು. ತಮ್ಮ ಅಪ್ಪನ ವಯಸ್ಸಿನವರನ್ನು ಬಿಸಿಲಲ್ಲಿ ನಿಲ್ಲಿಸಲು ಮನಸ್ಸು ಬಾರದೆ, ಎಲ್ಲಾದರೂ ಒಂದು ಬಿಲ್ಲೆ ಬಿದ್ದಿರಬಹುದೆಂದು ಮೇಜಿನ ಕೆಳಗೆಲ್ಲ ಹುಡುಕಿದರಂತೆ. ಡ್ರಾಯರಿನ ಹಿಂದೆ ಬಟ್ಟೆಯಲ್ಲಿ ಸುತ್ತಿದ್ದು ಸಿಕ್ಕಿತು. ಹಲಗೆಯಲ್ಲಿ ಅದರ ನಂಬರಿನ ಮೊಳೆಯೂ ಖಾಲಿಯೇ ಇತ್ತು. ಆ ಹೊತ್ತಿಗೆ ಎಲ್ಲ ಮೊಳೆಗಳೂ ಖಾಲಿ. ಕೊಟ್ಟು ಕಳಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಹಿರಿಯರು ನಮ್ಮ ಗುಂಪಿನ ಹಿಂದೆ ಬಂದು ಸೇರಿಕೊಂಡರು. ಕೊಳದ ಹತ್ತಿರ ನಾನು ಮೇಸ್ತ್ರಿ ಮತ್ತು ಹಲಗೆಯ ಕಥೆ ಹೇಳುವುದನ್ನು ತಲೆಯಾಡಿಸುತ್ತಾ ಕೇಳಿದರು. ಒಂದು ಬಿಲ್ಲೆ ಬಾರದಿದ್ದರೂ ಎಲ್ಲರೂ ಕೆಲಸ ನಿಲ್ಲಿಸಿ ಹುಡುಕುತ್ತಿದ್ದರೇ ಎಂದು ಕೇಳಿದರು. ಹೌದು, ಈಗಲೂ ಹಾಗೆಯೇ ಎಂದೆ. ಅವರ ಬಿಲ್ಲೆ ಅಂಗಿಯ ಜೇಬಿನಲ್ಲಿತ್ತು. ನಂಬರು ನನಗೆ ಕಾಣಲಿಲ್ಲ. ಅನಂತರ ಅವರು ಒಬ್ಬರೇ ಮೂರನೆಯ ಕಾಲುದಾರಿ ಹಿಡಿದರು. ಅದು ಹಿಂದೆ ಸುಣ್ಣ ಸುಡುತ್ತಿದ್ದ ಗೂಡುಗಳ ಕಡೆಗೆ, ಗೇಟಿನಿಂದ ಒಂದೂವರೆ ಕಿಲೋಮೀಟರು ಹೋಗುತ್ತದೆ.

ಅಕ್ಕನ ಪಾಳಿ ನಾಲ್ಕು ಗಂಟೆಗೆ ಮುಗಿಯುತ್ತದೆ. ಅವರು ಮನೆಗೆ ಹೋದರು. ಐದೂವರೆಗೆ ಮಾಮ ಗಂಟೆ ಬಾರಿಸಿದರು. ಭಾನುವಾರಗಳಲ್ಲಿ ಬಿಲ್ಲೆ ವಾಪಸು ಪಡೆಯಲು ನಾನು ಜೊತೆಗಿರುತ್ತೇನೆ. ಅವರು ನಂಬರು ಕೂಗುತ್ತಾರೆ, ನಾನು ನೇತುಹಾಕುತ್ತೇನೆ. ಬಂಡೆ ಹತ್ತುವವರು ಕಡೆಗೆ ಬಂದರು. ಆಮೇಲೆ ಮಾಮ ಹಲಗೆಯ ಮುಂದೆ ನಿಂತು, ಮೇಲಿನ ಸಾಲಿನಿಂದ ಒಂದೊಂದೇ ಮೊಳೆಯ ಮೇಲೆ ಬೆರಳು ಆಡಿಸುತ್ತಾ ಬಂದರು. ಮೂರನೆಯ ಸಾಲಿನ ಮೊದಲನೆಯ ಮೊಳೆಯ ಮೇಲೆ ಹೆಬ್ಬೆರಳಿಟ್ಟು, ದಿನವೂ ಮಾಡುವಂತೆ, ಒಂದು ಕ್ಷಣ ನಿಂತರು. ಕಡೆಯ ಸಾಲಿನ ತನಕ ಹೋಗಿ, “ಎಲ್ಲರೂ ಬಂದ್ರು,” ಅಂದರು. ಇದನ್ನೂ ದಿನವೂ ಹೇಳುತ್ತಾರೆ. ಆರು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಗೇಟು ಮುಚ್ಚಿದೆವು.

ಆ ಮೊಳೆ ಖಾಲಿ ಇದ್ದದ್ದನ್ನು ನಾನೂ ನೋಡಿದೆ. ದೋಣಿ ಕಟ್ಟಿ ಬಂದು ನಮ್ಮ ಜೊತೆ ನಿಂತಿದ್ದ ದೋಣಿಯಣ್ಣನೂ ನೋಡಿದ. ಬೇರೆ ಯಾವುದೇ ಮೊಳೆ ಖಾಲಿಯಿದ್ದಿದ್ದರೆ ಮಾಮ ಮನೆಗೆ ಹೋಗುತ್ತಿರಲಿಲ್ಲ. ಕಳೆದ ವರ್ಷ ಗಂಡ ಹೆಂಡತಿ ಇಬ್ಬರು ಬಿಲ್ಲೆ ಮರಳಿಸುವುದನ್ನು ಮರೆತು ಊರಿಗೇ ಹೊರಟುಬಿಟ್ಟಿದ್ದರು. ಅವರು ದಾರಿಯಲ್ಲಿ ನೆನಪಾಗಿ ಫೋನು ಮಾಡುವ ತನಕ ಮಾಮ ಟಾರ್ಚು ಹಿಡಿದು ಮೂರೂ ದಾರಿ ಸುತ್ತಿದ್ದರು. ಅತ್ತೆ ಮಾಡಿದ ಅಡುಗೆ ಆರಿ ತಣ್ಣಗಾಗಿತ್ತು. ಅತ್ತೆ ಆವತ್ತು, ಗೇಟನ್ನೇ ಮದುವೆ ಆಗಬೇಕಿತ್ತು ನೀವು ಎಂದು ಬೈದದ್ದು ನನಗೆ ನೆನಪಿದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಕೋಣೆಗೆ ಫೋನು ಬಂತು. ನಾನೇ ಎತ್ತಿದೆ. ಹಿರಿಯರ ಮಗಳು, ಅಂದರೆ ಈ ಪ್ರಕರಣದ ದೂರುದಾರರು, ಬೇರೆ ಊರಿನಿಂದ ಮಾತಾಡಿದರು. ದಿನಾ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡುವುದು ರೂಢಿ, ಇವತ್ತು ಸಿಗುತ್ತಿಲ್ಲ, ಪಕ್ಕದ ಮನೆಯವರು ನೋಡಿದರೆ ಬೀಗ ಹಾಕಿದೆ, ನಿನ್ನೆ ನಿಮ್ಮ ಧಾಮದಿಂದಲೇ ಒಂದು ಫೋಟೋ ಕಳಿಸಿದ್ದರು ಎಂದರು. ಅಂಗಳ ಗುಡಿಸುತ್ತಿದ್ದ ಮಾಮನಿಗೆ ಹೇಳಿದೆ. ಅವರು ಒಳಗೆ ಬಂದು ಹಲಗೆ ನೋಡಿದರು. ಬಿಲ್ಲೆಗಳೆಲ್ಲ ಬಂದಿವೆ, ಅವರು ಇಲ್ಲಿಂದ ಹೊರಟಿದ್ದಾರೆ, ಬಸ್ ನಿಲ್ದಾಣದಲ್ಲಿ ವಿಚಾರಿಸಿ ಎಂದು ಹೇಳಲು ತಿಳಿಸಿದರು. ಹಾಗೆಯೇ ಹೇಳಿದೆ. ಆ ಮಗಳು ಅಳಲಿಲ್ಲ. ನನ್ನ ಮೊಬೈಲ್ ನಂಬರು ಕೇಳಿ, ಫೋಟೋ ಕಳಿಸುತ್ತೇನೆ, ಒಮ್ಮೆ ನೋಡಿ ಎಂದು ಮಾತ್ರ ಹೇಳಿದರು.

ಫೋಟೋದಲ್ಲಿ ಕಪ್ಪಾಗಿ ಸುಟ್ಟ ಇಟ್ಟಿಗೆಯ ಮೇಲೆ ಒಂದು ಕಿತ್ತಳೆ ಬಣ್ಣದ ಚಿಟ್ಟೆ ಕೂತಿತ್ತು. ಅಂಥ ಇಟ್ಟಿಗೆ ಇರುವುದು ಸುಣ್ಣದ ಗೂಡಿನಲ್ಲಿ ಮಾತ್ರ. ಗೂಡಿನ ಮೇಲಿನ ದಿಬ್ಬದಲ್ಲಿ ಫೋನಿನ ಸಿಗ್ನಲ್ ಸಿಗುತ್ತದೆ, ಒಳಗೆ ಸಿಗುವುದಿಲ್ಲ. ಫೋಟೋವನ್ನು ನಾನು ಮಾಮನಿಗೆ ತೋರಿಸುತ್ತಿದ್ದಾಗ ಟಿಕೆಟ್ ಅಕ್ಕ ಕೆಲಸಕ್ಕೆ ಬಂದರು. ವಿಷಯ ಕೇಳಿ, ಯಾರು, ಕನ್ನಡಕದ ತಾತನೇ, ಅವರಿಗೆ ಡ್ರಾಯರಿನಲ್ಲಿದ್ದ ಬಿಲ್ಲೆ ಕೊಟ್ಟಿದ್ದೆನಲ್ಲ, ಅದು ವಾಪಸು ಬಂತೇ ಎಂದು ಸಹಜವಾಗಿ ಕೇಳಿದರು.

ಮಾಮ ಅಕ್ಕನನ್ನು ಬೈಯಲಿಲ್ಲ. ಹಲಗೆಯ ಕಡೆ ನೋಡಿದರು. ಗೋಡೆಯಲ್ಲಿದ್ದ ಹಗ್ಗ ತೆಗೆದುಕೊಂಡು ಓಡಿದರು. ಅವರ ಬಲಗಾಲಿನ ಮಂಡಿ ಮಡಚುವುದಿಲ್ಲ. ಆದರೂ ನಾನು ಅವರನ್ನು ಹಿಡಿಯಲು ಆಗಲಿಲ್ಲ.

ಗೂಡಿನ ಮೇಲಂಚಿನ ಕಲ್ಲೊಂದು ಜರುಗಿತ್ತು. ಹಿರಿಯರು ಎಂಟು ಅಡಿ ಕೆಳಗೆ, ಹಳೇ ಬೂದಿಯ ಗುಂಡಿಯಲ್ಲಿ, ಗೋಡೆಗೆ ಒರಗಿ ಕೂತಿದ್ದರು. ಒಂದು ಕಾಲು ತಿರುಗಿಕೊಂಡಿತ್ತು. ತುಟಿ ಒಣಗಿತ್ತು. ಪ್ರಜ್ಞೆ ಇತ್ತು. ಮಾಮ ಹಗ್ಗ ಹಿಡಿದು ಕೆಳಗಿಳಿದರು. ಹಿರಿಯರು ಜೇಬಿನಿಂದ ಬಿಲ್ಲೆ ತೆಗೆದು ಅವರತ್ತ ಚಾಚಿದರು. ಆಗ ಅವರು ಹೇಳಿದ್ದನ್ನು ನಾನು ಮೇಲಿನಿಂದ ಸ್ಪಷ್ಟವಾಗಿ ಕೇಳಿಸಿಕೊಂಡೆ.

“ಬರ್ತೀರಿ ಅಂತ ಗೊತ್ತಿತ್ತು. ಬಿಲ್ಲೆ ನನ್ನ ಹತ್ರಾನೇ ಇದೆಯಲ್ಲ, ಹುಡುಕದೆ ಬಿಡ್ತಾರಾ ಅಂದ್ಕೊಂಡು ಕೂತಿದ್ದೆ. ಸ್ವಲ್ಪ ತಡ ಆಯ್ತು, ಪರವಾಗಿಲ್ಲ.”

ಮಾಮ ಬಿಲ್ಲೆಯ ನಂಬರು ನೋಡಿದರು. ತಮ್ಮ ಅಂಗಿ ಬಿಚ್ಚಿ ಅವರಿಗೆ ಹೊದಿಸಿ, ಆಂಬುಲೆನ್ಸಿನವರು ಸ್ಟ್ರೆಚರ್ ತರುವ ತನಕ ಆ ತಿರುಗಿದ ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಹಿರಿಯರಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿದೆ. ಕೋಲು ಹಿಡಿದು ನಡೆಯಬಹುದು, ಗುಡ್ಡ ಹತ್ತುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಮಂಗಳವಾರ ಮಾಮ ಠಾಣೆಯಿಂದ ಬಂದ ಮೇಲೆ, ಏನು ಹೇಳಿಕೆ ಕೊಟ್ಟಿರೆಂದು ಅತ್ತೆ ಕೇಳಿದ್ದಕ್ಕೆ, ನೋಡಲಿಲ್ಲ ಎಂದು ಹೇಳಿದೆ, ಅಷ್ಟಕ್ಕೇ ಮುಗಿಯಲಿ ಎಂದರು. ನಿಜ ಹೇಳಿದರೆ ಅಕ್ಕನ ಕೆಲಸ ಹೋಗುತ್ತದೆ, ಆಕೆ ಮಾಡಿದ್ದು ಕರುಣೆಯ ಕೆಲಸ ಎಂದರು. ಅಣ್ಣನ ಹೆಸರು ಠಾಣೆಗೆ ಒಂದು ಸಲ ಬಂದದ್ದೇ ಸಾಕು ಎಂದೂ ಹೇಳಿದರು. ಅತ್ತೆ ಅಂದು ಒಲೆ ಹಚ್ಚಲಿಲ್ಲ.

ನಿನ್ನೆ ಬುಧವಾರ ನಾನು ಮತ್ತು ಅತ್ತೆ ಆಸ್ಪತ್ರೆಗೆ ಹೋದೆವು. ಹಿರಿಯರು ಮಲಗಿದ್ದರು. ಮಗಳು ವರಾಂಡದ ಬೆಂಚಿನಲ್ಲಿ ಅಪ್ಪನ ಕನ್ನಡಕ ಒರೆಸುತ್ತಾ ಕೂತಿದ್ದರು. ನಾವು ಯಾರೆಂದು ಗೊತ್ತಾದ ಮೇಲೂ ಎದ್ದುಹೋಗಲಿಲ್ಲ. ಅತ್ತೆ ತಂದಿದ್ದ ಹಣ್ಣು ತೆಗೆದುಕೊಂಡರು. ಆಮೇಲೆ ತಗ್ಗಿದ ಧ್ವನಿಯಲ್ಲಿ, “ಅವರನ್ನ ಜೈಲಿಗೆ ಹಾಕಿಸ್ಬೇಕು ಅಂತ ನಂಗೇನೂ ಇಲ್ಲ. ನೋಡ್ಲಿಲ್ಲ ಅಂತ ಬರ್ಕೊಟ್ಟಿದ್ದಾರಲ್ಲ, ಅದೇ ನುಂಗೋಕಾಗ್ತಿಲ್ಲ. ಒಳಗೊಬ್ಬ ಮನುಷ್ಯ ಇದ್ದಾನಾ ಅಂತ ಒಂದ್ಸಲ ತಿರುಗಿ ನೋಡೋಕೂ ಅವರಿಗೆ ಬೇಜಾರಾಯ್ತಾ?” ಎಂದು ಕೇಳಿದರು.

ನನಗೆ ಹೇಳಬೇಕಾದ್ದೆಲ್ಲ ಗೊತ್ತಿತ್ತು. ಬಾಯಿ ಕಟ್ಟಿಹೋಯಿತು. ಅಷ್ಟರಲ್ಲಿ ನರ್ಸು ಬಂದು ಅವರನ್ನು ಒಳಗೆ ಕರೆದರು. ಅಲ್ಲಿ ಆಡಲಾಗದ್ದನ್ನು ಬರೆದಾದರೂ ಕೊಡೋಣವೆಂದು ಇಲ್ಲಿಗೆ ಬಂದಿದ್ದೇನೆ. ನಿನ್ನೆ ಸಂಜೆಯೇ ಟಿಕೆಟ್ ಅಕ್ಕನಿಗೆ ತಿಳಿಸಿದೆ. ಅವರು, ತನ್ನ ವಿಷಯ ಒಂದಕ್ಷರ ಬಿಡದೆ ಬರೆ, ನಾಳಿದ್ದು ತಾನೇ ಬಂದು ಹೇಳಿಕೆ ಕೊಡುತ್ತೇನೆ, ಮಾಮನ ಋಣ ಹೊತ್ತು ತನಗೆ ನಿದ್ದೆ ಬರುವುದಿಲ್ಲ ಎಂದು ಹೇಳಿದ್ದಾರೆ.

ಇಂದು ಬೆಳಿಗ್ಗೆ ಎಂಟು ಗಂಟೆಗೆ ನಾನು ಹೊರಟಾಗ ಮಾಮ ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತೆಯ ಅಂಗಡಿಯ ಲೋಟಗಳನ್ನು ತೊಳೆಯುತ್ತಿದ್ದರು. ಎಲ್ಲಿಗೆ ಎಂದು ಕೇಳಿದರು. ಠಾಣೆಗೆ ಎಂದೆ. ಅಕ್ಕನನ್ನು ಎಳೆಯಬೇಡ ಎಂದರು. ಅಕ್ಕ ತಾವೇ ಬರುತ್ತಾರೆ ಎಂದೆ. ಅಣ್ಣನನ್ನಂತೂ ಎಳೆಯಲೇಬೇಡ ಎಂದರು. ಅದನ್ನು ಬಿಟ್ಟರೆ ಮೊಳೆ ಏಕೆ ಖಾಲಿ ಎಂದು ಯಾರಿಗೂ ಅರ್ಥವಾಗುವುದಿಲ್ಲ ಮಾಮ, ಆ ಮಗಳಿಗೂ ಅರ್ಥವಾಗುವುದಿಲ್ಲ ಎಂದೆ. ಅವರ ಎದುರು ನಾನು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

ಅವರು ಉಳಿದ ಲೋಟಗಳನ್ನೆಲ್ಲ ತೊಳೆದು ಒಂದೊಂದಾಗಿ ಬೋರಲು ಹಾಕಿದರು. ಕೈ ಒರೆಸಿಕೊಂಡರು. ಆಮೇಲೆ ಹೇಳಿದರು.

“ಬರೆಯೋದೇ ಆದ್ರೆ ಸರಿಯಾಗಿ ಬರಿ. ಅಣ್ಣ ಕುಡಿದಿದ್ದ, ಅದಕ್ಕೇ ಮತ್ತೆ ಇಳಿದ ಅಂತ ಅವತ್ತು ಕಂಪನಿಯವರು ಬರೆಸಿದ್ರು. ಇದೇ ಠಾಣೇಲಿ. ಕೆಳಗೆ ನನ್ನ ಸಹಿ ಹಾಕಿಸ್ಕೊಂಡ್ರು. ನಿನ್ನ ವಯಸ್ಸು ನಂಗಾಗ. ಎದುರು ಮಾತಾಡೋಕೆ ಬರ್ಲಿಲ್ಲ. ಅಣ್ಣ ಕುಡೀತಿರ್ಲಿಲ್ಲಮ್ಮ. ಹಾರೆ ಮರೆತು ಬಂದಿದ್ದ, ತರೋಕೆ ಹೋದ. ಅಷ್ಟೇ ಆಗಿದ್ದು.”

ನೀವೇ ಬಂದು ಹೇಳುತ್ತೀರಾ ಎಂದು ಕೇಳಿದೆ. ಕರೆದರೆ ಬರುತ್ತೇನೆ, ಎರಡನ್ನೂ ಹೇಳುತ್ತೇನೆ ಎಂದರು.

ಭಾನುವಾರ ಸಂಜೆ ಗೇಟ್ ಮಾಮ ಹಲಗೆಯನ್ನು ನೋಡಿದರು. ಇದಕ್ಕೆ ನಾನು ಸಾಕ್ಷಿ. ಮೂವತ್ತೈದು ವರ್ಷದ ಹಿಂದೆ ಅವರ ಅಣ್ಣ ಕುಡಿದಿರಲಿಲ್ಲ. ಇದಕ್ಕೆ ಅವರು ಸಾಕ್ಷಿ. ಅವರನ್ನು ಕರೆಸಬೇಕೆಂದು ಕೋರುತ್ತೇನೆ.

ಮೇಲೆ ಬರೆದಿರುವುದನ್ನು ನಾನೇ ಎರಡು ಸಲ ಓದಿ ನೋಡಿದ್ದೇನೆ. ನನಗೆ ತಿಳಿದಿರುವಷ್ಟು ಮಟ್ಟಿಗೆ ಎಲ್ಲವೂ ನಿಜ, ಯಾರ ಒತ್ತಾಯದಿಂದಲೂ ಹೇಳಿದ್ದಲ್ಲ.

ಸ್ಥಳ: ಗಣಿ ರಸ್ತೆಯ ಪೊಲೀಸ್ ಠಾಣೆ
ದಿನ: ಗುರುವಾರ, ಬೆಳಿಗ್ಗೆ ಹನ್ನೊಂದೂವರೆ
ಸಹಿ: (ಪ್ರವಾಸಿ ಮಾರ್ಗದರ್ಶಿ, ನಿಸರ್ಗಧಾಮ)